ಭೂತಗನ್ನಡಿಯ ಕುತ್ತಿಗೆ

ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಅತ್ತೆಗೆ ಭೂತಗನ್ನಡಿ ಎಂದು ಹೆಸರು. ಇಟ್ಟವರು ಕಾಲರ್ ಹೊಲಿಯುವ ಹುಡುಗಿಯರು. ಎದುರಿಗೆ ಹಾಗೆ ಕರೆಯುವ ಧೈರ್ಯ ಅವರಲ್ಲಿ ಒಬ್ಬಳಿಗೂ ಇರಲಿಲ್ಲ, ಆದರೂ ಹೆಸರು ಅತ್ತೆಯ ಕಿವಿಗೆ ಬಿದ್ದೇ ಬಿದ್ದಿತ್ತು. ಬಿದ್ದ ದಿನ ಮನೆಗೆ ಬಂದು ಸೊಸೆಯ ಮುಂದೆ ಅದನ್ನು ಹೇಳಿಕೊಂಡ ರೀತಿ ನೋಡಿದರೆ ಯಾರೋ ಕರೆದು ಬಿರುದು ಕೊಟ್ಟು ಕಳಿಸಿದಂತಿತ್ತು.

ಅವರ ಕೆಲಸವೇ ಅಂಥದು. ಲೈನಿನ ಒಂದು ತುದಿಯಲ್ಲಿ ಕತ್ತರಿಸಿದ ಬಟ್ಟೆ ಬಂಡಲ್ ಬಂಡಲಾಗಿ ಒಳಗೆ ಹೋಗುತ್ತದೆ. ಒಬ್ಬಳು ಕಾಲರ್, ಒಬ್ಬಳು ಜೇಬು, ಇನ್ನೊಬ್ಬಳು ತೋಳು ಎಂದು ಕೈಯಿಂದ ಕೈಗೆ ದಾಟಿ, ಆಚೆ ತುದಿಯಲ್ಲಿ ಶರ್ಟಾಗಿ ಹೊರಬೀಳುತ್ತದೆ. ಆ ಆಚೆ ತುದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಿಳಿ ಹಲಗೆಯ ಮೇಜಿನ ಹಿಂದೆ ಅತ್ತೆ ನಿಂತಿರುತ್ತಾರೆ. ಅದಕ್ಕೆ ಚೆಕಿಂಗ್ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ನೂಲು ಕತ್ತರಿಸುವ ಕೆಲಸಕ್ಕೆ ಸೇರಿದವರು ಮೇಜಿನ ತನಕ ಬಂದದ್ದು ಬರೀ ಕಣ್ಣಿನ ಬಲದಿಂದ. ಶರ್ಟನ್ನು ಹಿಡಿದು ಕಾಲರ್, ಜೇಬು, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ ಎಂದು ಗರಗರ ತಿರುಗಿಸುವಾಗ ಅವರ ಬೆರಳು ಕಣ್ಣಿಗಿಂತ ಮುಂದೆ ಓಡುತ್ತಿತ್ತು. ತಪ್ಪು ಕಂಡಲ್ಲಿ ಬೆರಳುಗುರಿನಷ್ಟು ಅಗಲದ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಶರ್ಟನ್ನು ವಾಪಸ್ಸು ಎಸೆಯುತ್ತಿದ್ದರು. ಯಾರ ಮಡಿಲಿಗೆ ಬಿತ್ತೋ ಅವಳ ಆ ದಿನ ಹಾಳು.

ಸ್ಟಿಕ್ಕರಿನ ಹಾಳೆ ಬ್ಯಾಗಿನಲ್ಲಿ ಮನೆಗೂ ಬರುತ್ತಿತ್ತು, ಅದೇ ಸೊಸೆಯ ಗ್ರಹಚಾರ. ಸರಿಯಾಗಿ ತೊಳೆಯದ ಲೋಟದ ಮೇಲೆ ಬಾಣ. ಮಗನ ಇಸ್ತ್ರಿಯಾಗದ ತೋಳಿನ ಮೇಲೆ ಬಾಣ. ಒಮ್ಮೆ ಕೂಸಿಗೆ ಅಂಗಿಯನ್ನು ಒಳಗು ಹೊರಗು ಮಾಡಿ ತೊಡಿಸಿದ್ದಕ್ಕೆ ಕೂಸಿನ ಬೆನ್ನ ಮೇಲೇ ಬಾಣ ಅಂಟಿಸಿ ಕೆಲಸಕ್ಕೆ ಹೊರಟುಹೋಗಿದ್ದರು.

ಸೊಸೆ ಬೇರೆಯೇ ಜಾತಿಯ ಪ್ರಾಣಿ. ದೊಡ್ಡ ಊರಿನ ದೊಡ್ಡ ಶಾಲೆಯಲ್ಲಿ ಕಲಿತವಳು. ಕಲಿತದ್ದೆಲ್ಲ ಈಗ ಹೆದರಿಕೆಗಳಿಗೆ ಒಂದೊಂದು ಹೆಸರಿಡಲಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಕೂಸು ಎರಡು ಸಲ ಸೀನಿದರೆ ಫೋನಿನಲ್ಲಿ ರೋಗದ ಹೆಸರು ಹುಡುಕುತ್ತಿದ್ದಳು. ಸೀನದಿದ್ದರೆ ಯಾಕೆ ಸೀನುತ್ತಿಲ್ಲ ಎಂದು ಇನ್ನೊಂದು ಚಿಂತೆ. ಗಂಡ ಇದನ್ನು ಮೊದಮೊದಲು ಪ್ರೀತಿ ಎಂದುಕೊಂಡಿದ್ದ. ಆಮೇಲಾಮೇಲೆ ಫೋನು ಎತ್ತಿಕೊಂಡು ಬಚ್ಚಲಿಗೆ ಹೋಗುವುದನ್ನು ಕಲಿತ.

ಅತ್ತೆಯ ಕುತ್ತಿಗೆಯ ಗಂಟು ಮೊದಲು ಕಂಡದ್ದು ಈ ಸೊಸೆಗೆ. ಊರಿನವರ ಕಾಲರನ್ನೆಲ್ಲ ಅಳೆದು ಬಿಸಾಡುವ ಹೆಂಗಸಿಗೆ ತನ್ನ ಕಾಲರಿನೊಳಗೆ ಏನಿದೆ ಎಂದು ತಿಳಿದಿರಲಿಲ್ಲ. ಕೆಲಸದಿಂದ ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ನೀರು ಕುಡಿಯುತ್ತಿದ್ದರು. ಒಂದೊಂದು ಗುಟುಕಿಗೂ ಗಂಟಲ ಎಡಗಡೆ ಗೋಲಿಯಂಥದೊಂದು ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

"ಅತ್ತೆ, ಇನ್ನೊಂದ್ಸಲ ಕುಡೀರಿ."

"ಏನು, ನಾನು ಕುಡಿಯೋ ನೀರಿಗೂ ಈಗ ಲೆಕ್ಕ ಇಡ್ತಿದೀಯಾ?"

"ಕುಡೀರಿ ಅತ್ತೆ, ಸುಮ್ನೆ."

ಕುಡಿದರು. ಗೋಲಿ ಮತ್ತೆ ಹತ್ತಿ ಇಳಿಯಿತು. ಸೊಸೆಯ ಮುಖ ನೋಡಿ ಅತ್ತೆ ತಾವೇ ಬೆರಳು ಇಟ್ಟು ನೋಡಿಕೊಂಡರು. ಸಾವಿರ ಶರ್ಟು ಮುಟ್ಟಿದ ಬೆರಳು ಅಲ್ಲೇ ನಿಂತಿತು.

ಅಲ್ಲಿಂದ ಮುಂದೆ ಆಸ್ಪತ್ರೆ, ಸ್ಕ್ಯಾನು, ಕುತ್ತಿಗೆಗೆ ಸೂಜಿ ಚುಚ್ಚಿ ತೆಗೆದ ಮಾದರಿ ಎಂದು ಒಂದಷ್ಟು ದಿನ ಹೋಯಿತು. ಸೂಜಿ ಚುಚ್ಚಿದವನ ಕೈ ನಡುಗಿತು ಎಂದು ಅತ್ತೆ ಅವನಿಗೆ ಅಲ್ಲೇ ಬುದ್ಧಿ ಹೇಳಿ ಬಂದಿದ್ದರು. ಕೊನೆಗೆ ಥೈರಾಯ್ಡ್ ಆಪರೇಷನ್ ಮಾಡುವ ಡಾಕ್ಟರು ಇವರಿಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಸೊಸೆಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು, ಮೇಜಿನ ಮೇಲೆ ತಣ್ಣಗಾದ ಟೀ. ಅದು ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್, ಪ್ಯಾಪಿಲರಿ ಎಂಬ ಬಗೆ, ಕ್ಯಾನ್ಸರುಗಳಲ್ಲಿ ಸೋಮಾರಿ ಎಂದರು. ಆದರೆ ಕುತ್ತಿಗೆಯ ಪಕ್ಕದ ಒಂದು ದುಗ್ಧರಸ ಗ್ರಂಥಿಗೂ ಅದು ಹೋಗಿರುವಂತೆ ಸ್ಕ್ಯಾನಿನಲ್ಲಿ ಕಾಣುತ್ತಿದೆ, ಹಾಗಾಗಿ ಥೈರಾಯ್ಡನ್ನು ಪೂರ್ತಿ ತೆಗೆಯಬೇಕು, ತಡ ಮಾಡುವುದು ಬೇಡ ಎಂದರು. ಸೊಸೆಯ ಕಣ್ಣಿನಲ್ಲಿ ನೀರು ಬಂದಿತ್ತು. ಅತ್ತೆ ಮಾತ್ರ ಡಾಕ್ಟರ ಕೋಟಿನ ಎರಡನೇ ಗುಂಡಿಯನ್ನೇ ನೋಡುತ್ತಿದ್ದರು, ಅದರ ಹೊಲಿಗೆ ಬಿಟ್ಟಿತ್ತು.

"ಇದು ಯಾರಿಂದ ಆಯ್ತು?" ಎಂದು ಕೇಳಿದರು.

ಡಾಕ್ಟರು ತಾಳ್ಮೆಯವರು. ಒಂದು ಕಾಗದ ಎಳೆದುಕೊಂಡು ಗುಂಡಗೆ ಒಂದು ಜೀವಕೋಶ ಬರೆದರು. ಅದು ನೋಡಲು ಮೊಟ್ಟೆಯಂತಿತ್ತು. ಜೀವಕೋಶ ತನ್ನಿಷ್ಟಕ್ಕೆ ಒಡೆದು ಎರಡಾಗುವುದಿಲ್ಲ, ಹೊರಗಿನಿಂದ ಮಾತು ಬರಬೇಕು ಎಂದು ವಿವರಿಸಿದರು. ಬಾಗಿಲಿಗೆ ಯಾರೋ ಬಂದು ತಟ್ಟುತ್ತಾರೆ, ಇನ್ನೊಂದು ಬೇಕಾಗಿದೆ ಎನ್ನುತ್ತಾರೆ. ಬಾಗಿಲಲ್ಲಿದ್ದವನು ಪಕ್ಕದವನಿಗೆ, ಅವನು ಮುಂದಿನವನಿಗೆ ಎಂದು ಆ ಮಾತು ಒಳಗೊಳಗೇ ದಾಟಿ ನಡುಮನೆಗೆ ತಲುಪುತ್ತದೆ. ಆಗ ಜೀವಕೋಶ ತನ್ನೊಳಗಿನ ಡಿಎನ್‌ಎ ಎಂಬ ಬರಹವನ್ನೆಲ್ಲ ನಕಲು ಮಾಡಿಕೊಂಡು ಎರಡಾಗುತ್ತದೆ. ತಟ್ಟುವುದು ನಿಂತರೆ ಮಾತೂ ನಿಲ್ಲುತ್ತದೆ. ಈ ಬಗೆಯ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಆಗುವುದೇನೆಂದರೆ, ಸಾಲಿನ ನಡುವೆ ನಿಂತವನೊಬ್ಬ ಕೆಟ್ಟುಹೋಗುತ್ತಾನೆ. ಬಾಗಿಲಲ್ಲಿ ಯಾರೂ ಇಲ್ಲ, ಯಾರೂ ತಟ್ಟಿಲ್ಲ, ಆದರೂ ಇವನು ಮುಂದಿನವನ ಬೆನ್ನು ತಿವಿದು ಮಾಡು, ಮಾಡು, ಮಾಡು ಎನ್ನುತ್ತಲೇ ಇರುತ್ತಾನೆ.

"ನಮ್ಮ ಸೂಪರ್‌ವೈಸರ್ ಥರ," ಎಂದರು ಅತ್ತೆ.

"ಇರಬಹುದು."

"ಮತ್ತೆ ಚೆಕಿಂಗ್ ಇರಲ್ವಾ ಅಲ್ಲಿ?"

ಇದೆ ಎಂದು ಡಾಕ್ಟರು ಒಪ್ಪಿಕೊಂಡಾಗ ಅತ್ತೆಯ ಬೆನ್ನು ನೆಟ್ಟಗಾಯಿತು. ನಕಲು ಶುರುವಾಗುವ ಮೊದಲು ಒಂದು ತಪಾಸಣೆ, ನಕಲಾದ ಮೇಲೆ ಇನ್ನೊಂದು, ಎರಡಾಗುವ ಹೊತ್ತಿಗೆ ಮತ್ತೊಂದು. ತಪ್ಪು ಕಂಡರೆ ಅಲ್ಲೇ ತಡೆದು ಸರಿಮಾಡುತ್ತಾರೆ, ಸರಿಯಾಗದಿದ್ದರೆ ಆ ಜೀವಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಆದರೆ ಹಿಂದಿನಿಂದ ಮಾಡು ಮಾಡು ಎಂಬ ನೂಕುನುಗ್ಗಲು ಜೋರಾದರೆ ತಪಾಸಣೆಯ ಬಾಗಿಲು ಕಾಯುವವರು ಎಷ್ಟೆಂದು ತಡೆದಾರು? ಮೊದಲನೆಯ ಬಾಗಿಲನ್ನೇ ತಳ್ಳಿಕೊಂಡು ಜೀವಕೋಶಗಳು ನುಗ್ಗುತ್ತವೆ. ಅತ್ತೆಯ ಗಂಟಿನಲ್ಲಿ ಉಳಿದ ತಪಾಸಣೆಯವರು ಇನ್ನೂ ಪೂರ್ತಿ ಕೈಚೆಲ್ಲಿದಂತಿಲ್ಲ, ಅದಕ್ಕೇ ಇದು ಮೆಲ್ಲಗೆ ಬೆಳೆದಿದೆ. ಅಪರೂಪಕ್ಕೆ ಕೆಲವರಲ್ಲಿ ಅವರೂ ಕೆಟ್ಟು ಕೂರುತ್ತಾರೆ, ಆಗ ಸೋಮಾರಿ ಕ್ಯಾನ್ಸರು ಸೋಮಾರಿಯಾಗಿ ಉಳಿಯುವುದಿಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆಗುವುದೋ ಇಲ್ಲವೋ ಎಂದು ಕಾದು ನೋಡುವಂಥ ತಮಾಷೆಯೂ ಇದಲ್ಲ ಎಂದು ಹೇಳಿ, ಡಾಕ್ಟರು ಮುಂದಿನ ವಾರಕ್ಕೆ ಆಪರೇಷನ್ನಿನ ದಿನ ಕೊಟ್ಟರು.

ಸೊಸೆ ಕಣ್ಣು ಒರೆಸಿಕೊಂಡು ತನ್ನ ಪ್ರಶ್ನೆ ಕೇಳಿದಳು. ಇದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುತ್ತದೆಯೇ? ಈ ಬಗೆಯದು ಸಾಮಾನ್ಯವಾಗಿ ಮನೆತನದಿಂದ ಬರುವುದಲ್ಲ ಎಂದು ಉತ್ತರ ಸಿಕ್ಕಿತು. ಸಾಮಾನ್ಯವಾಗಿ ಎಂಬ ಒಂದೇ ಪದವನ್ನು ಸೊಸೆ ಮನೆಗೆ ಕಟ್ಟಿಕೊಂಡು ಬಂದಳು. ಆ ಸಂಜೆ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ, ನೀರು ಕುಡಿಸಿ ಕುಡಿಸಿ ಅವನ ಕುತ್ತಿಗೆ ನೋಡಿದಳು. ನಾಲ್ಕನೇ ಲೋಟಕ್ಕೆ ಅವನು ಕೈಮುಗಿದ.

ಅತ್ತೆ ಕಟ್ಟಿಕೊಂಡು ಬಂದದ್ದು ಬೇರೆ. ಚೆಕಿಂಗ್ ಮೇಜಿನಲ್ಲಿ ಅವರದೊಂದು ಪಟ್ಟು ಇತ್ತು. ಒಂದೇ ತಪ್ಪು ಒಂದರ ಹಿಂದೆ ಒಂದು ಪೀಸಿನಲ್ಲಿ ಬಂದರೆ ಅವನ್ನು ರಿಪೇರಿಗೆ ಕಳಿಸುತ್ತಿರಲಿಲ್ಲ. ಮೊದಲು ಮೂಲ ಹಿಡಿಯಬೇಕು. ಯಾವ ಮೆಷಿನ್ನು, ಯಾವ ಸೂಜಿ, ಯಾವಳ ಕೈ? ಮೂಲ ಸಿಗದೆ ಹೊಲಿಗೆ ಬಿಚ್ಚಿದರೆ ಅದೇ ತಪ್ಪು ನಾಳೆಯೂ ಬರುತ್ತದೆ. ಕಾರ್ಖಾನೆಯಲ್ಲಿ ಮಾಡಿದವರ ಹೆಸರಿಲ್ಲದ ತಪ್ಪು ಎಂಬುದೇ ಇಲ್ಲ. ಈಗ ತಮ್ಮ ಕುತ್ತಿಗೆಯಲ್ಲಿ ಒಂದೇ ತಪ್ಪಿನ ಪೀಸುಗಳು ರಾಶಿ ಬಿದ್ದಿವೆ, ಈ ಡಾಕ್ಟರು ಹೆಂಗಸು ಮೂಲ ಯಾರೆಂದು ಹೇಳದೆ ಕತ್ತರಿ ಹಿಡಿದು ನಿಂತಿದ್ದಾಳೆ. ಇದು ಯಾವ ಸೀಮೆಯ ಕೆಲಸ ಎಂದು ಅತ್ತೆಗೆ ಅನುಮಾನ.

ಹಾಗಾಗಿ ಮನೆಯಲ್ಲಿ ವಿಚಾರಣೆ ಶುರುವಾಯಿತು.

ಮೊದಲ ಆರೋಪಿ ಗೋಡೆಯ ಮೇಲಿನ ಫೋಟೋದಲ್ಲಿದ್ದ ಮಾವ. ಬದುಕಿದ್ದಷ್ಟು ದಿನ ಬೀಡಿ ಸೇದಿ ಹೊಗೆಯನ್ನೆಲ್ಲ ಹೆಂಡತಿಯ ಮುಖಕ್ಕೇ ಬಿಟ್ಟವರು. ಅತ್ತೆ ಫೋಟೋದ ಮುಂದೆ ನಿಂತು ಸಾಕಷ್ಟು ಹೊತ್ತು ನೋಡಿದರು. "ಇವರ ತಲೆಗೆ ಕಟ್ಟಬಹುದು, ಆದ್ರೆ ಏನು ಪ್ರಯೋಜನ, ಕರೆಸಿ ಕೇಳೋ ಹಾಗಿಲ್ಲ" ಎಂದು ಬಿಟ್ಟರು. ಎರಡನೆಯದು ಕಾರ್ಖಾನೆಯ ಇಸ್ತ್ರಿ ವಿಭಾಗದ ಹಬೆ. ಮೂರನೆಯದು ಕಲೆ ತೆಗೆಯಲು ಬಟ್ಟೆಗೆ ಹೊಡೆಯುವ ಘಾಟು ದ್ರಾವಣ. ಆಮೇಲೆ ಉಪ್ಪು, ನೀರಿನ ಟ್ಯಾಂಕು, ಮಗ ಹುಟ್ಟುವಾಗ ಕೊಟ್ಟ ಇಂಜೆಕ್ಷನ್ನು, ದಿಂಬು. ದಿಂಬಿನ ಮೇಲಂತೂ ಎರಡು ದಿನ ಗುಮಾನಿ ಇತ್ತು. ಮಗನ ಪಾಲಿಗೂ ಬಂತು. ಹತ್ತನೇ ತರಗತಿಯಲ್ಲಿ ಅವನು ಫೇಲಾದಾಗ ಕೂಗಾಡಿದ್ದರಲ್ಲ, ಗಂಟಲು ಹರಿದುಹೋದದ್ದು ಆವಾಗಲೇ ಇರಬೇಕು ಎಂದರು. ಅವನು ತಿನ್ನುತ್ತಿದ್ದ ತುತ್ತನ್ನು ತಟ್ಟೆಗೆ ಇಟ್ಟು ಎದ್ದುಹೋದ.

ಇದನ್ನೆಲ್ಲ ಹುಚ್ಚಾಟ ಎಂದು ಸೊಸೆ ಬಯ್ಯಬೇಕಾಗಿತ್ತು. ಬಯ್ಯಲು ಬಾಯಿ ಬರಲಿಲ್ಲ, ಏಕೆಂದರೆ ಅವಳೂ ಅದನ್ನೇ ಮಾಡುತ್ತಿದ್ದಳು. ಫೋನಿನಲ್ಲಿ ಓದಿ ಓದಿ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಮೂಟೆ ಕಟ್ಟಿ ಹೊರಗಿಟ್ಟಿದ್ದಳು. ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ತಾಗಿದವರಿಗೆ ಈ ಕ್ಯಾನ್ಸರ್ ಹೆಚ್ಚು ಎಂದು ಎಲ್ಲೋ ಓದಿದ ಮೇಲೆ, ಫೋನನ್ನು ಕೂಸಿನಿಂದ ಒಂದು ಕೋಣೆ ದೂರ ಇಡುವ ಕಾನೂನು ತಂದಳು. ಆ ಮಾತು ಎಕ್ಸ್‌ರೇ ತರಹದ ವಿಕಿರಣದ್ದು, ಫೋನಿನದಲ್ಲ ಎಂದು ಗಂಡ ಅದೇ ಪುಟದ ಕೆಳಗಿನ ಸಾಲು ತೋರಿಸಿದ. ಕೆಳಗಿನ ಸಾಲು ಓದುವ ಸಮಾಧಾನ ಅವಳಿಗೆಲ್ಲಿತ್ತು? ಯಾರೋ ಒಬ್ಬ ಅಪರಾಧಿ ಸಿಕ್ಕಿದರೆ ಸಾಕು, ಅವನನ್ನು ಹೊರಗೆ ಹಾಕಿ ಬಾಗಿಲಿಗೆ ಅಗಣಿ ಹಾಕಿದರೆ ಕೂಸು ಒಳಗೆ ಸುರಕ್ಷಿತ. ಅತ್ತೆ ಸೊಸೆ ಇಬ್ಬರೂ ಮನೆಯ ಮೂಲೆ ಮೂಲೆ ಮೂಸುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರಿಬ್ಬರೂ ಅಷ್ಟು ಅನ್ಯೋನ್ಯವಾಗಿ ಇದ್ದದ್ದು ಇದೇ ಮೊದಲು.

ಆ ಅನ್ಯೋನ್ಯತೆ ಒಂದು ಫೋನಿಗೆ ಮುಗಿಯಿತು. ಆಸ್ಪತ್ರೆಯಿಂದ ಒಬ್ಬಳು ಕರೆ ಮಾಡಿ, ನಿಮ್ಮ ಅತ್ತೆಯವರು ಆಪರೇಷನ್ ಬೇಡವೆಂದು ಹೇಳಿದ್ದಾರೆ, ಆ ದಿನವನ್ನು ಬೇರೆಯವರಿಗೆ ಕೊಡಬಹುದೇ ಎಂದು ವಿಚಾರಿಸಿದಳು. ಯಾವಾಗ ಹೇಳಿದರು, ಯಾಕೆ ಹೇಳಿದರು ಎಂದು ಸೊಸೆ ತೊದಲಿದಳು. ಮೂಲ ಸಿಗುವವರೆಗೆ ಬೇಡ ಎಂದರಂತೆ. ಏನು ಮೂಲ ಎಂದು ಆಸ್ಪತ್ರೆಯವಳಿಗೂ ಅರ್ಥವಾಗಿರಲಿಲ್ಲ. ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಮುಂದಿನ ದಿನ ಯಾವಾಗ ಸಿಗುತ್ತದೋ ಹೇಳಲಾಗದು ಎಂದು ಫೋನಿಟ್ಟಳು.

ಸೊಸೆ ಒಲೆ ಆರಿಸಿದಳು. ಗಂಡನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಬಹುಶಃ ಬಚ್ಚಲಲ್ಲಿದ್ದ. ಕೂಸನ್ನು ಸೊಂಟಕ್ಕೇರಿಸಿ, ಒಂದು ಕಾಲಿಗೆ ಒಂದು ಚಪ್ಪಲಿ ಇನ್ನೊಂದು ಕಾಲಿಗೆ ಇನ್ನೊಂದು ಮೆಟ್ಟಿಕೊಂಡು ಕಾರ್ಖಾನೆಗೆ ಹೊರಟಳು. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕು ಎಂದು ಅಭ್ಯಾಸ ಮಾಡಿದಳು. ಮೆಲ್ಲಗೆ, ಗೌರವದಿಂದ, ಅಳದೆ. ಅತ್ತೆಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಬಾಣದ ಸ್ಟಿಕ್ಕರನ್ನು ಕೂಡ ಅವರು ಹೋದ ಮೇಲೆಯೇ ಕಿತ್ತು ಹಾಕುತ್ತಿದ್ದವಳು.

ಕಾವಲಿನವನು ಕೂಸಿನ ಮುಖ ನೋಡಿ ಒಳಗೆ ಬಿಟ್ಟ. ಹೊಲಿಗೆಯ ಹಾಲ್ ಎಂದರೆ ಕಿವಿಗಡಚಿಕ್ಕುವ ಗದ್ದಲವಿರುತ್ತದೆ ಎಂದುಕೊಂಡು ಕೂಸಿನ ಕಿವಿ ಮುಚ್ಚಿಕೊಂಡೇ ಹೋದಳು. ಒಳಗೆ ಗದ್ದಲವೇ ಇಲ್ಲ. ಮೆಷಿನ್ನುಗಳೆಲ್ಲ ತೆಪ್ಪಗೆ ಕೂತಿದ್ದವು. ಹುಡುಗಿಯರು ಕಾಲು ಚಾಚಿ, ಒಬ್ಬಳ ಜಡೆ ಒಬ್ಬಳು ಹೆಣೆಯುತ್ತ ಹರಟುತ್ತಿದ್ದರು. ಆಚೆ ತುದಿಯಲ್ಲಿ ಸೂಪರ್‌ವೈಸರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಅವನ ಎದುರು ಅತ್ತೆ ಒಂದು ಕಾಲರನ್ನು ಬೆಳಕಿಗೆ ಹಿಡಿದು, ಎಡ ಮೂತಿ ಬಲ ಮೂತಿಗಿಂತ ಉದ್ದವಿರುವುದನ್ನು ತೋರಿಸುತ್ತಿದ್ದರು.

ಸೂಪರ್‌ವೈಸರ್ ಅಂಗಲಾಚುತ್ತಿದ್ದ. ಮಾಲು ಇವತ್ತೇ ಹೋಗಬೇಕು, ಅಕ್ಕ ಬೇಕಾದರೆ ತಮ್ಮ ಪಾಡಿಗೆ ತಪ್ಪು ಹುಡುಕುತ್ತಿರಲಿ, ಲೈನು ತನ್ನ ಪಾಡಿಗೆ ಓಡುತ್ತಿರಲಿ, ಎರಡೂ ಆಗುತ್ತದಲ್ಲ ಎಂದು ಅವನ ವಾದ.

"ಆಹಾ, ಏನು ತಲೆ," ಎಂದರು ಅತ್ತೆ. "ನಾನು ಹುಡುಕ್ತಾ ಕೂತಿರ್ತೀನಿ, ಅವರು ಹೊಲೀತಾ ಕೂತಿರ್ತಾರೆ. ನನಗೆ ಮೂಲ ಸಿಗೋ ಹೊತ್ತಿಗೆ ಇನ್ನೂರು ಸೊಟ್ಟ ಕಾಲರ್ ರೆಡಿ. ಮೊದಲು ಲೈನ್ ನಿಲ್ಲಿಸು, ಆಮೇಲೆ ಹುಡುಕು. ಎಷ್ಟು ಸಲ ಹೇಳ್ಬೇಕು ನಿಂಗೆ?"

ಸೊಸೆ ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಎಲ್ಲೋ ಬಿದ್ದುಹೋಯಿತು.

"ನಿಮ್ಮದನ್ನ ಯಾರು ನಿಲ್ಲಿಸಿದ್ದಾರೆ ಅತ್ತೆ?"

ಅತ್ತೆ ತಿರುಗಿದರು. ಸೊಸೆ, ಸೊಂಟದ ಮೇಲೆ ಕೂಸು, ಕಾಲಲ್ಲಿ ಎರಡು ಬಗೆಯ ಚಪ್ಪಲಿ. ಅವರ ಕಣ್ಣು ಮೊದಲು ಹೋದದ್ದು ಚಪ್ಪಲಿಗೇ.

"ಇಲ್ಲಿಗ್ಯಾಕೆ ಬಂದೆ?"

"ಇವರಿಗೆ ಲೈನ್ ನಿಲ್ಲಿಸು ಅಂತೀರಲ್ಲ, ನಿಮ್ಮ ಕುತ್ತಿಗೇಲಿ ನಿಲ್ಲಿಸಿದ್ದೀರಾ?" ಸೊಸೆಯ ದನಿ ಅವಳ ಕಿವಿಗೇ ಗುರುತು ಸಿಗದಷ್ಟು ಎತ್ತರಕ್ಕೆ ಹೋಗಿತ್ತು. "ನೀವು ಉಪ್ಪು, ದಿಂಬು, ಮಾವನ ಬೀಡಿ ಅಂತ ಹುಡುಕ್ತಾ ಕೂತಿದ್ದೀರಿ. ಅಲ್ಲಿ ಮೆಷಿನ್ ಓಡ್ತಾನೇ ಇದೆ. ಸೊಟ್ಟ ಪೀಸು ಬೀಳ್ತಾನೇ ಇದೆ. ಪಕ್ಕದ ಗ್ರಂಥಿಗೂ ಹೋಗಿ ಬಿದ್ದಿದೆ. ಅದಕ್ಕೆ ಸ್ವಿಚ್ ಅಂತ ಇರೋದು ಆ ಡಾಕ್ಟರ ಚಾಕು ಒಂದೇ, ಅದನ್ನ ನೀವು ಫೋನ್ ಮಾಡಿ ಬೇಡ ಅಂದ್ರಿ. ನಿಮ್ಮ ಹುಡುಗೀರು ಯಾರಾದ್ರೂ ಹೀಗೆ ಮಾಡಿದ್ರೆ ಸುಮ್ನೆ ಬಿಡ್ತಿದ್ರಾ ನೀವು?"

ಹೇಳಿ ಮುಗಿಸಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಇಷ್ಟೆಲ್ಲ ಆಗುವ ಹೊತ್ತಿಗೆ ಜಡೆ ಹೆಣೆಯುವವರು ಹೆಣೆಯುವುದನ್ನು ಬಿಟ್ಟಿದ್ದರು. ಭೂತಗನ್ನಡಿಯ ಕೆಲಸದಲ್ಲಿ ತಪ್ಪು ಹಿಡಿದವರನ್ನು ಆ ಹಾಲ್ ಈವರೆಗೆ ಕಂಡಿರಲಿಲ್ಲ. ಕಾಲರಿನವಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ಕ್ಯಾನ್ಸರ್ ಇದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ಸೊಸೆಗೆ ಆಗ ಹೊಳೆಯಿತು. ಹೊಳೆದದ್ದು ತಡವಾಯಿತು, ಇನ್ನೇನು ಮಾಡುವಂತಿರಲಿಲ್ಲ.

ಅತ್ತೆ ಕಾಲರನ್ನು ಮೇಜಿನ ಮೇಲಿಟ್ಟರು. ಮತ್ತೆ ಎತ್ತಿಕೊಂಡರು. ಅದರ ಎರಡು ಮೂತಿಗಳನ್ನು ಒಂದರ ಮೇಲೊಂದು ಮಡಿಸಿ ನೋಡಿದರು, ಅಲ್ಲಿ ಏನೋ ಉತ್ತರ ಬರೆದಿರುವವರಂತೆ.

"ಹೆದರಿಕೆ ಆಗತ್ತೆ ಕಣೇ," ಎಂದರು ಅತ್ತೆ. ಹುಡುಗಿಯರಿಗೆ ಕೇಳಿಸದಂತೆ, ಆದರೆ ಸೂಪರ್‌ವೈಸರಿಗೆ ಕೇಳಿಸಿತು, ಅವನು ಮರ್ಯಾದೆಯಿಂದ ಚಾವಣಿ ನೋಡಿದ. "ಯಾರು ಮಾಡಿದ್ದು ಅಂತ ಗೊತ್ತಾದ್ರೆ ಸಿಟ್ಟಾದ್ರೂ ಮಾಡ್ಕೋಬಹುದು."

"ನನ್ನ ಮೇಲೆ ಮಾಡ್ಕೊಳ್ಳಿ. ಸಂಜೆ ಒಳಗೆ ಫೋನ್ ಮಾಡ್ಬೇಕು."

ಅತ್ತೆ ಕೈಯೊಡ್ಡಿದರು. ಸೊಸೆ ಫೋನು ಕೊಟ್ಟಳು. ಮೆಷಿನ್ನುಗಳು ನಿಂತಿದ್ದರಿಂದ ಅತ್ತೆ ಆಸ್ಪತ್ರೆಯವಳಿಗೆ ಒಪ್ಪಿಗೆ ಹೇಳಿದ್ದನ್ನು ಇಡೀ ಹಾಲ್ ಕೇಳಿಸಿಕೊಂಡಿತು.

ಆಪರೇಷನ್ನಿನ ಬೆಳಿಗ್ಗೆ ಅತ್ತೆಯ ಕುತ್ತಿಗೆಯ ಮೇಲೆ, ಎಡಗಡೆ, ಒಂದು ಕೆಂಪು ಬಾಣ ಇತ್ತು. ನರ್ಸು ಅದನ್ನು ಕೀಳಲು ಹೋದರೆ ಕೈ ತಳ್ಳಿದರು. ಡಾಕ್ಟರು ಬಂದು ನೋಡಿ, ಎರಡೂ ಕಡೆ ತೆಗೆಯುತ್ತೇವೆ ಎಂದು ಮೊದಲೇ ಹೇಳಿದ್ದೆವಲ್ಲ ಎಂದು ನೆನಪಿಸಿದರು. ಇರಲಿ, ಮುಖ್ಯ ಕಳ್ಳ ಯಾರು ಎಂದು ಗೊತ್ತಿದ್ದರೆ ಒಳ್ಳೆಯದು ಎಂದು ಅತ್ತೆಯ ಸಮಜಾಯಿಷಿ. ಗ್ರಂಥಿಯ ಹಿಂದೆಯೇ ದನಿಯ ನರ ಹಾದುಹೋಗುತ್ತದೆ, ಕೆಲವು ವಾರ ದನಿ ಒಡೆದಂತಿರಬಹುದು ಎಂದು ಡಾಕ್ಟರು ಎಚ್ಚರಿಸಿದಾಗ, ಮಗ ಎಷ್ಟು ವಾರ ಎಂದು ಸ್ವಲ್ಪ ಆಸೆಯಿಂದ ಕೇಳಿದ. ಅವನಲ್ಲಿ ಆ ಒಂದು ತಮಾಷೆಯಷ್ಟೇ ಉಳಿದಿತ್ತು. ತಾಯಿಯ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಕಂಬಕ್ಕೆ ಒರಗಿ ಮಗುವಿನಂತೆ ಅತ್ತ. ಸೊಸೆ ಅಳಲಿಲ್ಲ. ಹೆದರಿಕೊಳ್ಳುವುದರಲ್ಲಿ ಅವಳಿಗೆ ಅಷ್ಟು ವರ್ಷದ ಅನುಭವವಿತ್ತು, ನಿಜವಾದ ಹೆದರಿಕೆ ಬಂದಾಗ ಅದನ್ನು ಎಲ್ಲಿ ಕೂರಿಸಬೇಕು ಎಂದು ಗೊತ್ತಿತ್ತು.

ಎಲ್ಲ ಸರಿಯಾಗಿ ಆಯಿತು. ಗ್ರಂಥಿಯನ್ನೂ ಅದರ ಪಕ್ಕದ ಸಣ್ಣ ಗ್ರಂಥಿಗಳನ್ನೂ ತೆಗೆದರು. ಅತ್ತೆಯ ದನಿ ಹಳೆಯ ಬಾಗಿಲಿನ ಕೀಲಿನಂತಾಯಿತು. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ಒಂದು ಗುಳಿಗೆ, ಬದುಕಿರುವವರೆಗೆ. ಗ್ರಂಥಿ ಮಾಡುತ್ತಿದ್ದ ಕೆಲಸವನ್ನು ಆ ಗುಳಿಗೆ ಮಾಡುತ್ತದೆ. ಜೊತೆಗೆ, ಥೈರಾಯ್ಡಿಗೆ ಬೆಳೆ ಬೆಳೆ ಎಂದು ಮೆದುಳಿನ ಬುಡದಿಂದ ಬರುವ ಕೂಗನ್ನೂ ತಗ್ಗಿಸುತ್ತದೆ, ಎಲ್ಲಾದರೂ ಒಂದೆರಡು ಕೆಟ್ಟ ಜೀವಕೋಶ ಅಡಗಿ ಕೂತಿದ್ದರೆ ಅವಕ್ಕೆ ಆ ಕೂಗು ಕೇಳಿಸಬಾರದು ಎಂದು. ಗುಳಿಗೆ ನುಂಗಿ ಸ್ವಲ್ಪ ಹೊತ್ತು ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಆ ಹೊತ್ತಿನಲ್ಲಿ ಅತ್ತೆ ಗಡಿಯಾರವನ್ನು ದಿಟ್ಟಿಸುತ್ತ ಕೂರುವುದನ್ನು ನೋಡಿದರೆ ಗಡಿಯಾರಕ್ಕೇ ಭಯವಾಗಬೇಕು.

ತೆಗೆದ ಗಂಟನ್ನು ಪರೀಕ್ಷಿಸಿದ ವರದಿ ಬಂದ ದಿನ ಅತ್ತೆ ಹೊಸ ಸೀರೆ ಉಟ್ಟುಕೊಂಡು ಹೊರಟರು. ಡಾಕ್ಟರು ಮೊದಲು ಊಹಿಸಿದ್ದೇ ನಿಜವಾಗಿತ್ತು. ಸಾಲಿನಲ್ಲಿ ನಿಂತು ಮಾತು ದಾಟಿಸುವ ಆ ಒಬ್ಬನನ್ನು ಹೇಗೆ ಕಟ್ಟಬೇಕು ಎಂದು ಜೀವಕೋಶದ ಬರಹದಲ್ಲಿ ಇರುವ ಕಡೆ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ಅವನು ಸದಾ ಮಾಡು ಎನ್ನುವವನಾಗಿಬಿಟ್ಟಿದ್ದ.

"ಬದಲಾಯಿಸಿದ್ದು ಯಾರು?" ಅತ್ತೆಯ ದನಿಯ ಕೀಲು ಕಿರುಗುಟ್ಟಿತು.

ಡಾಕ್ಟರು ಸೊಸೆಯ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಇಬ್ಬರೂ ಒಂದೇ ಥರ ಮುಂದಕ್ಕೆ ಬಾಗಿ ಕೂತಿದ್ದರು.

"ಯಾರೂ ಅಲ್ಲ ಅಮ್ಮಾ. ಒಂದು ಜೀವಕೋಶದಲ್ಲಿ ಮುನ್ನೂರು ಕೋಟಿ ಅಕ್ಷರ ಇರತ್ತೆ. ಪ್ರತಿ ಸಲ ಎರಡಾಗೋವಾಗ ಅಷ್ಟನ್ನೂ ನಕಲು ಮಾಡ್ಬೇಕು. ಕೈ ತಪ್ಪತ್ತೆ. ಹೆಚ್ಚುಕಮ್ಮಿ ಎಲ್ಲಾನೂ ಅಲ್ಲೇ ಸರಿಮಾಡ್ಕೊಳ್ಳತ್ತೆ. ಒಂದು ಉಳ್ಕೊಂಡಿದೆ, ಉಳೀಬಾರದ ಜಾಗದಲ್ಲಿ. ಬೇರೆ ಕಾರಣ ಇದ್ದಿರಬಹುದಾ ಅಂತ ಕೇಳಿದ್ರೆ ನಿಮ್ಮ ವಿಷಯದಲ್ಲಿ ನಂಗೇನೂ ಕಾಣ್ತಿಲ್ಲ."

ಅತ್ತೆ ಬೆರಳು ಮಡಿಸಿ ಎಣಿಸತೊಡಗಿದರು. ಮುನ್ನೂರು ಕೋಟಿಯನ್ನು ಮನಸ್ಸಿನಲ್ಲೇ ಮೇಜಿನ ಮೇಲೆ ರಾಶಿ ಹಾಕಿ ನೋಡುತ್ತಿದ್ದರೋ ಏನೋ. ಸೊಸೆಯ ಲೆಕ್ಕ ಬೇರೆಯೇ ಕಡೆ ಹೋಯಿತು. ಯಾರೂ ಅಲ್ಲ ಎಂದರೆ ಹೊರಗೆ ಹಾಕಲು ಯಾರೂ ಇಲ್ಲ. ಮೂಟೆ ಕಟ್ಟಲು ಡಬ್ಬವಿಲ್ಲ. ಅಗಣಿ ಹಾಕುವುದು ಯಾವ ಬಾಗಿಲಿಗೆ? ಕೂಸಿನ ಮೈಯಲ್ಲೂ ಈ ಗಳಿಗೆಯಲ್ಲೇ ಎಷ್ಟು ಕೋಟಿ ನಕಲು ನಡೆಯುತ್ತಿದೆಯೋ, ತಾಯಿಯ ಅಪ್ಪಣೆ ಕೇಳದೆ. ಆಟೋದಲ್ಲಿ ವಾಪಸ್ಸು ಬರುವಾಗ ಇದನ್ನು ಹೇಗೋ ತಡವರಿಸುತ್ತ ಹೇಳಿದಳು.

ಅತ್ತೆ ಕೇಳಿಸಿಕೊಂಡರು. ಮಾತಾಡಿದರೆ ನೋಯುತ್ತಿತ್ತು, ಆದ್ದರಿಂದ ಸ್ವಲ್ಪದರಲ್ಲೇ ಮುಗಿಸಿದರು. "ಮುನ್ನೂರು ಕೋಟಿಗೆ ಒಂದು. ನಮ್ಮ ಲೈನಲ್ಲಿ ಇಷ್ಟು ಒಳ್ಳೇ ಕೆಲಸದವಳು ಒಬ್ಬಳಿದ್ರೆ ನಾನು ಮನೇಲಿ ಕೂತಿರ್ತಿದ್ದೆ."

ಮನೆಯಲ್ಲಿ ನೋಡಲು ಬರುವವರ ಕಾಟ ಶುರುವಾಯಿತು. ಬಂದವರು ಬರೀ ಹಣ್ಣು ತರಲಿಲ್ಲ, ಒಬ್ಬೊಬ್ಬರೂ ಒಂದೊಂದು ಕಾರಣ ತಂದರು. ಸೂಪರ್‌ವೈಸರ್ ನೀರನ್ನು ತಂದ. ಪಕ್ಕದ ಮನೆಯವರು ಮೊಬೈಲ್ ಟವರನ್ನು. ಕಾಲರ್ ಹುಡುಗಿಯರು ಗುಂಪಾಗಿ ಬಂದು, ಯಾರದೋ ಕಣ್ಣು ಬಿದ್ದಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದೇ ಒಂದು ತಿಂಗಳ ಹಿಂದಾಗಿದ್ದರೆ ಅತ್ತೆ ಇವರನ್ನೆಲ್ಲ ಸಾಲಾಗಿ ಕೂರಿಸಿ ಹೇಳಿಕೆ ಪಡೆಯುತ್ತಿದ್ದರು. ಈಗ ದಿಂಬಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಒಂದು ಅಕ್ಷರವಂತೆ ಎಂದಷ್ಟೇ ಹೇಳಿ ಕಳಿಸುತ್ತಿದ್ದರು.

ಕೊನೆಗೆ ಅತ್ತೆಯ ಅಕ್ಕ ಬಂದರು. ಎರಡು ಬ್ಯಾಗು, ಬೆತ್ತದಂಥ ನಾಲಗೆ. ತಂಗಿಯ ಕುತ್ತಿಗೆಯ ಗಾಯ ನೋಡಿ ಲೊಚಗುಟ್ಟಿ, ಸೊಸೆ ಹಣ್ಣು ಹೆಚ್ಚಿಕೊಂಡು ಒಳಗೆ ಬರುತ್ತಿರುವುದು ಕಂಡೂ ಕಾಣದವರಂತೆ ಶುರುಮಾಡಿದರು. ಕಲ್ಲುಗುಂಡಿನಂತೆ ಇದ್ದವಳು ನೀನು, ಒಂದು ದಿನ ತಲೆನೋವೆಂದು ಮಲಗಿದವಳಲ್ಲ, ಈ ಮನೆಯಲ್ಲಿ ಯಾವಾಗಿನಿಂದ ಇದೆಲ್ಲ ಶುರುವಾಯಿತು ಎಂದು ಯೋಚನೆ ಮಾಡಿದ್ದೀಯಾ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಣ್ಣು ತಟ್ಟೆ ಹಿಡಿದ ಕೈಯ ಮೇಲೆ ಇತ್ತು.

ಸೊಸೆ ಬಾಗಿಲಲ್ಲೇ ನಿಂತಳು. ಅವಳಿಗೆ ಇದೂ ಒಂದು ಹಳೆಯ ಹೆದರಿಕೆ. ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡದ್ದು, ಇವತ್ತು ಬೇರೆಯವರ ಬಾಯಲ್ಲಿ ಕೇಳಿದ್ದಷ್ಟೇ. ಒಂದು ಗಳಿಗೆ ಒಪ್ಪಿಬಿಡೋಣ ಎನಿಸಿತು. ಯಾರೂ ಅಲ್ಲ ಎನ್ನುವುದಕ್ಕಿಂತ ಒಬ್ಬರು ಸಿಕ್ಕಿದರೆ ವಾಸಿಯಲ್ಲವೆ, ಅದು ತಾನೇ ಆದರೂ.

ಅತ್ತೆ ದಿಂಬಿನಿಂದ ಎದ್ದು ಕೂತರು. ದನಿ ಏಳಲಿಲ್ಲ. ಗಂಟಲು ಹಿಡಿದುಕೊಂಡು, ಉಗುಳು ನುಂಗಿ, ಎರಡನೇ ಸಲ ಪ್ರಯತ್ನಪಟ್ಟರು.

"ಅಕ್ಕಾ, ಚೆಕಿಂಗ್ ಮೇಜಿಗೆ ತಪ್ಪು ಬಂದಾಗ, ಅದನ್ನ ಕಂಡುಹಿಡಿದವಳ ಮೇಲೆ ಯಾರೂ ಹಾಕಲ್ಲ. ಇದು ಯಾವಾಗ ಶುರುವಾಯ್ತೋ ಯಾರಿಗೂ ಗೊತ್ತಿಲ್ಲ. ಕಂಡಿದ್ದು ಇವಳಿಗೆ. ನಿಲ್ಲಿಸಿದ್ದೂ ಇವಳೇ."

ಅಕ್ಕ ಮೂಗು ಮುರಿದರು. ಹಾಗಾದರೆ ಕಾರಣವೇ ಇಲ್ಲವೇ, ಕಾರಣವಿಲ್ಲದೆ ಜಗತ್ತಿನಲ್ಲಿ ಏನಾದರೂ ಆಗುತ್ತದೆಯೇ ಎಂದು ಪಟ್ಟು ಹಿಡಿದರು.

"ಆಗತ್ತಂತೆ," ಎಂದರು ಅತ್ತೆ. "ನನಗೂ ಒಪ್ಪಿಗೆ ಇಲ್ಲ. ಆದ್ರೆ ಆಗತ್ತಂತೆ."

ಅಷ್ಟು ಹೇಳುವುದರಲ್ಲಿ ಅವರಿಗೆ ಉಸಿರು ಸಾಕಾಗಿಹೋಯಿತು. ಸೊಸೆ ಬಂದು ಹಣ್ಣಿನ ತಟ್ಟೆಯನ್ನು ಮಂಚದ ಮೇಲೆ, ಇಬ್ಬರು ಅಕ್ಕತಂಗಿಯರ ನಡುವೆ ಇಟ್ಟಳು. ಅತ್ತೆ ಒಂದು ಹೋಳು ಎತ್ತಿ, ತಿರುಗಿಸಿ ನೋಡಿ, ಸಿಪ್ಪೆ ಸರಿಯಾಗಿ ತೆಗೆದಿಲ್ಲ ಎಂದು ಅವಳಿಗೇ ವಾಪಸ್ಸು ಕೊಟ್ಟು, ಪಕ್ಕದಲ್ಲಿ ಕೂರಲು ಸ್ವಲ್ಪ ಜಾಗ ಮಾಡಿಕೊಟ್ಟರು.